ಸಾವಿರಕ್ಕೆ ಎಷ್ಟು

ಬಾಲದ ತುದಿ ಚುಚ್ಚಿದರೆ ಒಂದು ಹನಿ.
ಗಾಜಿನ ಮೇಲೆ ಅದನ್ನು ಎಳೆದು
ಮೆಥನಾಲಿನಲ್ಲಿ ಅದ್ದಿ, ನೀಲಿ ಬಣ್ಣದಲ್ಲಿ ನೆನೆಸಿ,
ನಲ್ಲಿಯ ಕೆಳಗೆ ತೊಳೆದು ನಿಲ್ಲಿಸುತ್ತೇನೆ:
ಹದಿನಾರು ಇಲಿ, ಹದಿನಾರು ಗಾಜು,
ಲಿಸ್ಬನ್ನಿನ ಬೆಳಗಿನ ಕಿಟಕಿಯಲ್ಲಿ
ಮೀನು ಒಣಹಾಕಿದ ಹಾಗೆ.

ನನ್ನ ಕೆಲಸ ಎಣಿಸುವುದು.
ಸಾವಿರ ಕೆಂಪು ಕಣಕ್ಕೆ ಒಳಗೆ ಕುಳಿತವರು ಎಷ್ಟು.
ಎಡಗೈಯಲ್ಲಿ ಎಣಿಕೆಯಂತ್ರ, ಟಿಕ್ ಟಿಕ್,
ಬಲಗೈ ಸೂಕ್ಷ್ಮದರ್ಶಕದ ತಿರುಪಿನ ಮೇಲೆ.
ಮೊದಲ ಮೂರು ದಿನ ಹುಡುಕಿ ಹುಡುಕಿ ಒಂದು:
ಸಣ್ಣ ಉಂಗುರ, ಅದಕ್ಕೊಂದು ಕೆಂಪು ಹರಳು.
ಚೆಂದವಿದೆ, ಸುಳ್ಳೇಕೆ ಹೇಳಲಿ.
ಇಲಿಗೆ ಇನ್ನೂ ಗೊತ್ತಿಲ್ಲ.
ಹತ್ತಿಯ ಗೂಡು ಕಟ್ಟುತ್ತದೆ,
ಪಕ್ಕದ ಇಲಿಯ ಮೀಸೆ ನೆಕ್ಕುತ್ತದೆ.

ನಡುರಾತ್ರಿಗೆ ಒಡೆಯುತ್ತವೆ ಎಲ್ಲ ಒಟ್ಟಿಗೆ,
ಗಡಿಯಾರ ನೋಡಿಕೊಂಡ ಹಾಗೆ.
ಒಂದು ಕಣದಿಂದ ಆರು, ಎಂಟು,
ಹೊರಬಂದು ಬೇರೆ ಬಾಗಿಲು ತಟ್ಟುತ್ತವೆ.
ಆ ಹೊತ್ತಿಗೆ ನಾನು ಆಮದೋರಾದ ನಾಲ್ಕನೇ ಮಹಡಿಯಲ್ಲಿ
ನಿದ್ದೆ ಬರದೆ ಫ್ರಿಜ್ಜಿನ ಸದ್ದು ಕೇಳುತ್ತಿರುತ್ತೇನೆ.

ಏಳನೆಯ ದಿನ ಸಾವಿರಕ್ಕೆ ಮುನ್ನೂರ ಐವತ್ತು.
ಹೆಬ್ಬೆರಳು ಸೋಲುತ್ತದೆ.
ರಕ್ತ ನೀರಾಗಿದೆ, ಗಾಜಿನ ಮೇಲೆ ಎಳೆದರೆ
ತೆಳ್ಳಗೆ ಜಾರಿ ಅಂಚಿಗೆ ಓಡುತ್ತದೆ.
ಕಪ್ಪು ಇಲಿಗಳು ಮೈರೋಮ ಕೆದರಿ
ಮೂಲೆಯಲ್ಲಿ ಒಂದರ ಮೇಲೊಂದು ಉಂಡೆ.
ಇಲಿಗೆ ಜ್ವರ ಬರುವುದಿಲ್ಲ. ತಣ್ಣಗಾಗುತ್ತದೆ.
ಇದನ್ನು ನನಗೆ ಯಾರೂ ಹೇಳಿರಲಿಲ್ಲ.
ಕೈಗವಸಿನೊಳಗಿಂದಲೇ ತಿಳಿಯಿತು,
ಬಾವಿಯ ತಳದ ಕಲ್ಲು ಎತ್ತಿದ ಹಾಗೆ.

ಬಫಾಟಾದಲ್ಲಿ ನನ್ನ ತಮ್ಮ ಟೊಮೆ ಸುಡುತ್ತಿದ್ದ.
ಗೇಬಾ ನದಿ ದಂಡೆ ಮೀರಿ ಬಂದ ತಿಂಗಳು.
ಹಣೆಯ ಮೇಲಿನ ಒದ್ದೆ ಬಟ್ಟೆ
ಅಮ್ಮ ಇನ್ನೊಂದನ್ನು ಹಿಂಡುವ ಮೊದಲೇ ಒಣಗುತ್ತಿತ್ತು.
ಸಾವಿರಕ್ಕೆ ಎಷ್ಟು, ಯಾರೂ ಎಣಿಸಲಿಲ್ಲ.
ಆಸ್ಪತ್ರೆಯಲ್ಲಿ ಸೂಕ್ಷ್ಮದರ್ಶಕವಿತ್ತು, ಕರೆಂಟಿರಲಿಲ್ಲ.
ಅವನಿಗೆ ಏಳನೆಯ ದಿನ ಇರಲಿಲ್ಲ.

ಎಂಟಕ್ಕೆ ಮೂರು ಇಲಿ ಮಿತಿ ದಾಟಿದವು.
ತೂಕ ಕಾಲು ಭಾಗ ಇಳಿದರೆ ಕಾಯಕೂಡದು, ಅದು ನಿಯಮ.
ಡಾಕ್ಟರ್ ಗ್ರಾಸಿಂಡಾ ಸಹಿ ಹಾಕಿ
ಪೆನ್ನು ಮುಚ್ಚಿ ಕಿಟಕಿಯತ್ತ ನೋಡಿದರು.
ಕೆಟ್ಟವರಲ್ಲ. ಇಲಿಕೋಣೆಗೆ ಬಂದಾಗ
ಅವರೂ ದನಿ ತಗ್ಗಿಸುತ್ತಾರೆ.

ಉಳಿದವು ಒಂದೊಂದಾಗಿ ಎದ್ದವು,
ಎಲ್ಲಕ್ಕಿಂತ ಕೊನೆಗೆ ಹದಿನಾಲ್ಕನೆಯದು,
ಕಿವಿಯಲ್ಲಿ ಎರಡು ತೂತಿನದು.
ಅದರ ಗಾಜಿನಲ್ಲಿ ಉಂಗುರಗಳು ಮುದುಡಿ
ಕಣದೊಳಗೇ ಸತ್ತ ಚುಕ್ಕೆಗಳಾಗಿದ್ದವು.
ಹೊಸ ಕಣಗಳು ಬಂದಿದ್ದವು, ದಪ್ಪನೆಯವು, ನೀಲಿ ಛಾಯೆಯವು,
ಊರಿಗೆ ಹೊಸಬರ ಹಾಗೆ ಬೆಪ್ಪಾಗಿ.
ಸಾವಿರಕ್ಕೆ ನಲವತ್ತು. ಆರು. ಸೊನ್ನೆ.
ಬದುಕಿದೆಯಾ ಬಡಜೀವವೇ ಎಂದೆ
ನಮ್ಮ ಕ್ರಿಯೋಲಿನಲ್ಲಿ, ಯಾರಿಗೂ ಕೇಳದಂತೆ.
ಸೂರ್ಯಕಾಂತಿಯ ಒಂದು ಬೀಜ ಕೊಟ್ಟೆ.
ನಿಯಮದಲ್ಲಿಲ್ಲ.

ಕಿಂಟಾ, ಸೊನ್ನೆ ಎಂದರೆ ಸೊನ್ನೆಯಲ್ಲ, ಎಂದರು ಗ್ರಾಸಿಂಡಾ.
ಎಲ್ಲೋ ಒಂದಿಷ್ಟು ವೇಷ ಬದಲಿಸಿ ಉಳಿದಿರುತ್ತವಂತೆ,
ಮೂರು ವಾರಕ್ಕೆ ಮತ್ತೆ ತಲೆ ಎತ್ತುತ್ತವಂತೆ.
ಎತ್ತಿದವು: ಸಾವಿರಕ್ಕೆ ಒಂಬತ್ತು.
ಇಲಿ ತಿರುಗಿಯೂ ನೋಡಲಿಲ್ಲ, ಬೀಜ ಒಡೆಯುತ್ತಿತ್ತು.

ಮೂವತ್ತನೆಯ ದಿನ ಗುಲ್ಮ ತೆಗೆಯುವ ದಿನ.
ಬೆಟ್ಟ ಅಗೆದು ಇಲಿ ಹಿಡಿದರೆ ಜನ ನಗುತ್ತಾರೆ;
ನಾವು ಇಲಿ ಅಗೆದು ಬೆಟ್ಟ ಹುಡುಕುವವರು.
ಸಪೂರ ಎಲೆಯಂತಿರಬೇಕಾದದ್ದು
ನನ್ನ ಕಿರುಬೆರಳಿನಷ್ಟು ಊದಿತ್ತು,
ಆ ಎರಡು ವಾರಗಳ ಮಸಿಯನ್ನೆಲ್ಲ ತಾನೇ ನುಂಗಿ ಕಪ್ಪಾಗಿ.
ಕಾಯಿಲೆಯಿಂದ ಪಾರಾದದ್ದು
ನನ್ನಿಂದ ಪಾರಾಗಲಿಲ್ಲ.
ಪುಸ್ತಕದಲ್ಲಿ ಬರೆದೆ: ಹದಿನಾಲ್ಕು. ತೂಕ. ಸಮಯ.
ಷರಾ ಎಂಬ ಖಾನೆ ಖಾಲಿ ಬಿಟ್ಟೆ.

ಸಂಜೆಯ ರೈಲಿನಲ್ಲಿ, ಕೋಟಿನ ಜೇಬಿನಲ್ಲಿ
ಬೀಜವೊಂದು ಸಿಕ್ಕಿತು.
ಸಿಪ್ಪೆ ಬಿಡಿಸದೆ ಮುಷ್ಟಿಯಲ್ಲಿಟ್ಟು ಕೂತೆ,
ಅದು ಬೆಚ್ಚಗಾಗುವವರೆಗೆ.